ನದಿಹಡಗಿನ ನೆತ್ತಿಯಲ್ಲಿ ನನಗೊಂದು ಸನ್ಮಾನ

ಯಾವ ಕೆಲಸವನ್ನಾದರೂ ಸರಿಯಾದ ಕ್ರಮದಲ್ಲಿ ಮಾಡಬೇಕು ಎನ್ನುವವನು ನಾನು. ದೋಹಾಕ್ಕೆ ಬಂದು ಹತ್ತೊಂಬತ್ತು ವರ್ಷಗಳಾದವು. ಇಷ್ಟು ವರ್ಷಗಳಲ್ಲಿ ನಾನು ಕಲಿತ ವಿದ್ಯೆ ಒಂದೇ. ಬಾಗಿಲು ಕಂಡ ಕೂಡಲೇ ತಳ್ಳಿ ನೋಡಬಾರದು. ಆ ಬಾಗಿಲಿನವನ ಪರಿಚಯ ಯಾರಿಗಿದೆ ಎಂದು ಮೊದಲು ವಿಚಾರಿಸಬೇಕು. ಇದಕ್ಕೆ ಇಲ್ಲಿನ ಅರಬ್ಬಿಯಲ್ಲಿ ವಾಸ್ತಾ ಎನ್ನುತ್ತಾರೆ, ನಮ್ಮಲ್ಲಿ ವಶೀಲಿ. ಕಾರಿನ ಎಸಿ ರಿಪೇರಿಯಿಂದ ಹಿಡಿದು ಹೋಟೆಲಿನ ಕಿಟಕಿ ಪಕ್ಕದ ಟೇಬಲ್ಲಿನವರೆಗೆ ನಾನು ಎಲ್ಲವನ್ನೂ ವಶೀಲಿಯಿಂದಲೇ ಮಾಡಿಸಿಕೊಂಡವನು. ಸುಮ್ಮನೆ ಕೇಳಿದ್ದರೂ ಸಿಗುತ್ತಿತ್ತು ಎಂದು ನನ್ನ ಹೆಂಡತಿ ಶಶಿಕಲಾ ಹೇಳುತ್ತಾಳೆ. ಸುಮ್ಮನೆ ಕೇಳಿ ಸಿಕ್ಕಿದ್ದಕ್ಕೆ ಮರ್ಯಾದೆ ಏನಿದೆ?

ಇಂಥ ಅನುಭವಸ್ಥನಾದ ನನಗೆ, ಮಾವನವರನ್ನು ಒಂದು ಹಡಗಿನ ಮೇಲೆ ಹತ್ತಿಸುವುದು ಲೆಕ್ಕದ ಕೆಲಸವೇ ಅಲ್ಲ ಎಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಮಾವನವರ ಬಗ್ಗೆ ಹೇಳಬೇಕು. ಅವರು ಮಲ್ಪೆಯ ತಾಂಡೇಲರು. ಮೀನುಗಾರಿಕೆ ಬೋಟು ನಡೆಸುವ ಮುಖ್ಯಸ್ಥನಿಗೆ ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಮೂವತ್ತೈದು ವರ್ಷ ಚುಕ್ಕಾಣಿ ಹಿಡಿದವರು. ಮದುವೆಯಾದ ಹೊಸತರಲ್ಲಿ ಅಳಿಯನಿಗೆ ಸಮುದ್ರ ತೋರಿಸೋಣ ಎಂದು ನನ್ನನ್ನು ಬೋಟಿಗೆ ಹತ್ತಿಸಿಕೊಂಡಿದ್ದರು. ನದಿ ಸಮುದ್ರ ಸೇರುವ ಅಳಿವೆ ದಾಟುವ ಮೊದಲೇ ನಾನು ಬೆಳಿಗ್ಗೆ ತಿಂದ ಮೂರು ಕಡುಬನ್ನೂ ಅವರ ಹೊಸ ಬಲೆಯ ಮೇಲೆ ಒಪ್ಪಿಸಿದೆ. ಮಾವ ಒಂದೂ ಮಾತಾಡದೆ ಬೋಟು ತಿರುಗಿಸಿದರು. ಅಂದಿನಿಂದ ಇಂದಿನವರೆಗೆ ನನ್ನ ವಿಷಯದಲ್ಲಿ ಅವರು ಒಂದೂ ಮಾತಾಡಿದವರಲ್ಲ. ಯಾರಾದರೂ "ಅಳಿಯ ಹೇಗೆ?" ಎಂದು ಕೇಳಿದರೆ, "ಆಫೀಸಿನಲ್ಲಿ ಇದ್ದಾರೆ" ಎನ್ನುತ್ತಾರೆ. ಅಷ್ಟೇ!

ಮೊಣಕಾಲಿನ ಆಪರೇಷನ್ ಆದ ಮೇಲೆ ಮಾವ ತಮ್ಮ ಬೋಟು ಮಾರಿದರು. ಅದಾಗಿ ಹದಿನಾಲ್ಕು ತಿಂಗಳು. ಮನಸ್ಸು ಬದಲಾಗಲಿ ಎಂದು ಶಶಿಕಲಾ ಅವರನ್ನು ಒಂದು ತಿಂಗಳ ಮಟ್ಟಿಗೆ ದೋಹಾಕ್ಕೆ ಕರೆಸಿಕೊಂಡಳು. ನಮ್ಮದು ಅಲ್ ಮನ್ಸೂರಾದ ಮೂರನೇ ಮಹಡಿಯ ಫ್ಲ್ಯಾಟು. ಕಿಟಕಿ ತೆರೆದರೆ ಎದುರು ಕಟ್ಟಡದ ಇಪ್ಪತ್ತನಾಲ್ಕು ಎಸಿ ಡಬ್ಬಗಳು ಕಾಣಿಸುತ್ತವೆ. ಮಾವ ದಿನವಿಡೀ ಕುರ್ಚಿ ಹಾಕಿಕೊಂಡು ಆ ಡಬ್ಬಗಳನ್ನು ನೋಡುತ್ತಾ ಕೂರುತ್ತಿದ್ದರು. ಮೀನು ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. "ಇದು ಸತ್ತು ಎಷ್ಟು ದಿನ ಆಯ್ತು? ಬೊಜ್ಜ ಎಲ್ಲಾ ಮುಗೀತಾ?" ಎಂದು ಮೀನಿನವನನ್ನು ತುಳುವಿನಲ್ಲೇ ಕೇಳಿದರು. ಬೊಜ್ಜ ಎಂದರೆ ನಮ್ಮಲ್ಲಿ ಉತ್ತರಕ್ರಿಯೆ. ಅವನು ಬಾಂಗ್ಲಾದವನಾದ್ದರಿಂದ ಬಚಾವು.

ಒಂದು ಶುಕ್ರವಾರ ದೋಹಾದ ಹೊರಗಿನ ಒಂದು ಥೀಮ್ ಪಾರ್ಕಿಗೆ ಹೋದೆವು. ಪಾರ್ಕಿನ ಹೆಸರು ಬೇಡ. ಅವರು ನನ್ನ ಹೆಸರೆತ್ತುವುದಿಲ್ಲ, ನಾನೂ ಅವರ ಹೆಸರೆತ್ತುವುದಿಲ್ಲ ಎಂದು ನಮ್ಮೊಳಗೊಂದು ಮೌನ ಒಪ್ಪಂದವಿದೆ. ಅಲ್ಲಿ ಮರಳುಗಾಡನ್ನು ಕೊರೆದು ಒಂದು ನದಿ ಮಾಡಿದ್ದಾರೆ. ಅದು ಹುಟ್ಟಿದಲ್ಲಿಗೇ ಸುತ್ತಿ ಬಂದು ಸೇರುವ ನದಿ. ಅದರ ಮೇಲೆ ಮೂರು ಅಂತಸ್ತಿನ ಒಂದು ಬಿಳಿ ಹಡಗು. ಎರಡು ಹೊಗೆಕೊಳವೆ, ಹಿಂಭಾಗದಲ್ಲಿ ನೀರು ಚಿಮ್ಮಿಸುತ್ತಾ ತಿರುಗುವ ದೊಡ್ಡ ಕೆಂಪು ಗಾಲಿ. ಎಲ್ಲಕ್ಕಿಂತ ಮೇಲೆ, ನೆತ್ತಿಯಲ್ಲಿ, ಸುತ್ತಲೂ ಗಾಜಿರುವ ಒಂದು ಗೂಡು. ಅದೇ ಪೈಲಟ್‌ಹೌಸ್. ಕ್ಯಾಪ್ಟನ್ ನಿಂತು ಚಕ್ರ ಹಿಡಿಯುವ ಜಾಗ.

ಮಾವ ದಡದ ಮೇಲೆ ನಿಂತವರು ನಿಂತೇ ಇದ್ದರು. ಹಡಗು ನಾಲ್ಕು ಸುತ್ತು ಹಾಕಿತು. ನಾಲ್ಕು ಸಲವೂ ಅವರ ಕತ್ತು ಆ ಗಾಜಿನ ಗೂಡನ್ನೇ ಹಿಂಬಾಲಿಸಿತು. ಅವರ ಬಲಗೈ ಬೆರಳುಗಳು ತಮ್ಮಷ್ಟಕ್ಕೆ ಮಡಚಿಕೊಂಡು ಬಿಚ್ಚಿಕೊಳ್ಳುತ್ತಿದ್ದವು. ಶಶಿಕಲಾ ಅದನ್ನು ನೋಡಿದಳು.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದು, "ರೀ, ಅಪ್ಪನಿಗೆ ಒಮ್ಮೆ ಆ ಸ್ಟೇರಿಂಗು ಹಿಡಿಯಲಿಕ್ಕೆ ಸಿಕ್ಕಿದ್ರೆ ಸಾಕಿತ್ತು. ಒಂದೇ ಒಂದು ಸಲ. ಹೋಗುವ ಮೊದಲು," ಎಂದಳು. ಕಣ್ಣಲ್ಲಿ ನೀರಿತ್ತು.

ಒಂಬತ್ತು ವರ್ಷದ ಮಗಳು ನಿಧಿ ಅಲ್ಲೇ ನಿಂತಿದ್ದಳು. "ಪಪ್ಪಾ, ದೇರ್ ಈಸ್ ಅ ಬೋರ್ಡ್. ಬೋಟ್ ಹತ್ರ. ಪೈಲಟ್‌ಹೌಸ್ ಬೇಕಾದ್ರೆ ಕ್ರೂ ಹತ್ರ ಕೇಳಿ ಅಂತ ಬರ್ದಿದೆ."

"ಬೋರ್ಡಿನಲ್ಲಿ ಹಾಗೆಲ್ಲ ಬರೀತಾರೆ ಪುಟ್ಟಾ," ಎಂದೆ ನಾನು, ಲೋಕಜ್ಞಾನದ ನಗು ನಕ್ಕು.

ವಾರದ ರಜೆ ಮುಗಿದ ಮೇಲೆ ಆಫೀಸಿನಲ್ಲಿ ಬಂಟ್ವಾಳದ ರಜಾಕಾಕನಿಗೆ ವಿಷಯ ತಿಳಿಸಿದೆ. ಕತಾರಿನಲ್ಲಿ ಅವರಿಗೆ ಗೊತ್ತಿಲ್ಲದವರು ಯಾರೂ ಇಲ್ಲ. ಅವರು ಚಹಾ ಆರಿಸುತ್ತಾ ಕೇಳಿ, "ಹೋಗಿ ಕೇಳಿ ಮಾರಾಯ್ರೆ. ಕೊಡ್ತಾರೆ," ಎಂದರು.

"ಹಾಗೆ ಹೇಗೆ ಕೇಳುವುದು ಕಾಕಾ? ಯಾರದ್ದಾದರೂ ಮೂಲಕ..."

"ಕೇಳಲಿಕ್ಕೆ ಬಾಯಿ ಸಾಕಲ್ಲ."

"ಇಲ್ಲ ಅಂದರೆ? ಮಾವನ ಎದುರು ನನ್ನ ಮರ್ಯಾದೆ ಏನಾಗಬೇಕು?"

ರಜಾಕಾಕ ನನ್ನನ್ನು ಕರುಣೆಯಿಂದ ನೋಡಿದರು. "ನಿಮಗೆ ವಶೀಲಿಯೇ ಬೇಕು ಅಂತಾದ್ರೆ ವಿಠಲಣ್ಣನ ಹತ್ರ ಹೋಗಿ. ಆ ಪಾರ್ಕಿಗೆ ಕುರ್ಚಿ ಮೇಜು ಸಪ್ಲೈ ಮಾಡಿದ್ದು ಅವರೇ. ಖಲಾಸ್."

ವಿಠಲಣ್ಣ ನಮ್ಮ ಸಂಘದ ಅಧ್ಯಕ್ಷರು. ಸಂಘದ ಹೆಸರು ಬರೆದರೆ ಎರಡು ಸಾಲು ಹಿಡಿಯುತ್ತದೆ, ಆದ್ದರಿಂದ ಬಿಟ್ಟಿದ್ದೇನೆ. ಸಂಘದ ಧ್ಯೇಯ ಕನ್ನಡ ನಾಡುನುಡಿಯ ಸೇವೆ. ಕಾರ್ಯಕ್ರಮ ಮಾತ್ರ ಒಂದೇ, ಸನ್ಮಾನ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಊರಿನಿಂದ ಬಂದ ಕಲಾವಿದರಿಗೆ ಆಯಿತು, ಮೆಟ್ರಿಕ್‌ನಲ್ಲಿ ಒಳ್ಳೆಯ ಅಂಕ ಬಂದ ಮಕ್ಕಳಿಗೆ ಆಯಿತು, ಮೊಮ್ಮಗುವಾದವರಿಗೆ ಆಯಿತು. ಕಳೆದ ವರ್ಷ ಒಬ್ಬರಿಗೆ ಊರಿಗೆ ವಾಪಸು ಹೋಗುತ್ತಾರೆಂದು ಸನ್ಮಾನ ಮಾಡಿದರು. ಅವರು ಹೋಗಲಿಲ್ಲ. ಹೋಗದೆ ಉಳಿದದ್ದಕ್ಕೆ ಈ ವರ್ಷ ಇನ್ನೊಂದು ಮಾಡಿದರು!

ವಿಠಲಣ್ಣ ನನ್ನ ಅಹವಾಲು ಕೇಳಿ ಕಣ್ಣು ಮುಚ್ಚಿ ಒಂದು ನಿಮಿಷ ಕುಳಿತರು. ಕಣ್ಣು ತೆರೆದಾಗ ಅದರಲ್ಲಿ ಬೆಳಕಿತ್ತು.

"ದಿನಕರಾ, ಹಡಗಿನ ಮೇಲೆ ನಾವು ಇಷ್ಟರವರೆಗೆ ಯಾರಿಗೂ ಸನ್ಮಾನ ಮಾಡಿಲ್ಲ!"

"ಸನ್ಮಾನ ಬೇಡ ವಿಠಲಣ್ಣ. ಮಾವನವರು ಸ್ವಲ್ಪ ಹೊತ್ತು ಚಕ್ರ ಹಿಡಿದರೆ..."

"ಹಿಡಿಯಲಿ ಮಾರಾಯ. ಹಿಡಿಯುವಾಗ ಒಂದು ಶಾಲು ಹೊದೆಸಿದ್ರೆ ಎಂತ ನಷ್ಟ? ಸಣ್ಣ ಪ್ರೋಗ್ರಾಮು. ಹತ್ತು ನಿಮಿಷ. ಪಾರ್ಕಿನ ಮ್ಯಾನೇಜರನ್ನು ನನಗೆ ಬಿಟ್ಟುಬಿಡು."

ಮಾವನಿಗೆ ಸನ್ಮಾನವೂ ಆದ ಹಾಗಾಯಿತು, ಕಬ್ಬಿನ ಜೊತೆಗೆ ಬೇರೂ ಸಿಕ್ಕಿತು ಎಂದುಕೊಂಡು ನಾನು ಒಪ್ಪಿದೆ. ಬೇರು ಸಮೇತ ಕಬ್ಬು ಅಗಿದರೆ ಹಲ್ಲಿಗೆ ಏನಾಗುತ್ತದೆ ಎಂಬ ಯೋಚನೆ ಆಗ ಬರಲಿಲ್ಲ.

ಮಾವ ಭಾನುವಾರ ಊರಿಗೆ ಹೊರಡುವವರು. ಅದರ ಹಿಂದಿನ ಶುಕ್ರವಾರ ಕಾರ್ಯಕ್ರಮ ಎಂದು ನಿಗದಿಯಾಯಿತು. ಬುಧವಾರ ವಿಠಲಣ್ಣನ ಫೋನು ಬಂತು.

"ದಿನಕರಾ, ಬ್ಯಾನರಿಗೆ ನಿನ್ನದೊಂದು ಫೋಟೋ ಕಳಿಸು. ಕೋಟು ಹಾಕಿದ್ದು."

"ನನ್ನದಾ? ಸನ್ಮಾನ ಮಾವನಿಗಲ್ಲವಾ?"

"ನಿನ್ನ ಮಾವನನ್ನು ಇಲ್ಲಿ ಯಾರಿಗೆ ಗೊತ್ತುಂಟು? ಅವರು ಭಾನುವಾರ ಹೋಗ್ತಾರೆ. ನೀನು ಇಲ್ಲಿಯೇ ಇರುವವನು, ಮೆಂಬರ್. ಟೈಟಲ್ ಕೂಡ ಆಯ್ತು: 'ಕತಾರಿನಲ್ಲಿ ನದಿಹಡಗು ನಡೆಸಿದ ಮೊದಲ ಕನ್ನಡಿಗ'. ಹೇಗುಂಟು?"

ಓದುಗರೇ, ನಾನು ಪ್ರತಿಭಟಿಸಿದೆ. ಸುಳ್ಳು ಹೇಳುವುದಿಲ್ಲ, ಪೂರ್ತಿ ಎರಡು ಸೆಕೆಂಡು ಪ್ರತಿಭಟಿಸಿದೆ. ಮೂರನೆಯ ಸೆಕೆಂಡಿನಲ್ಲಿ 'ಮೊದಲ ಕನ್ನಡಿಗ' ಎಂಬ ಎರಡು ಶಬ್ದಗಳು ಕಿವಿಯೊಳಗೆ ಇಳಿದವು. ಹತ್ತೊಂಬತ್ತು ವರ್ಷ ಸಂಘದ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವನಿಗೆ ಆ ಶಬ್ದಗಳು ಏನೆಂದು ನಿಮಗೆ ಗೊತ್ತಿಲ್ಲ. ನಾಲ್ಕನೆಯ ಸೆಕೆಂಡಿನಲ್ಲಿ ನಾನು ಮೊಬೈಲಿನಲ್ಲಿ ಕೋಟಿನ ಫೋಟೋ ಹುಡುಕುತ್ತಿದ್ದೆ. ಕೂದಲು ಇದ್ದ ಕಾಲದ್ದು ಒಂದು ಸಿಕ್ಕಿತು. ಕಳಿಸಿದೆ.

ಶಶಿಕಲಾಗೆ ಈ ಬದಲಾವಣೆಯನ್ನು ತಿಳಿಸಬೇಕೆಂದು ಗುರುವಾರವಿಡೀ ಇದ್ದೆ. ಸಂದರ್ಭ ಒದಗಿ ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ. ಉತ್ತರದ ಶಮಾಲ್ ಗಾಳಿ ಬೆಳಿಗ್ಗೆಯಿಂದಲೇ ಬೀಸುತ್ತಿತ್ತು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಹನ್ನೆರಡಕ್ಕೇ ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಂತಿದ್ದರು. ಕಾರಿನಲ್ಲಿ ನನ್ನನ್ನು ಕೇಳಿದರು: "ಅದರ ಎಂಜಿನು ಎಷ್ಟು ಎಚ್‌ಪಿ?" ಮದುವೆಯಾದ ಈ ಹದಿನಾಲ್ಕು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ! ವಿಠಲಣ್ಣನನ್ನು ಕೇಳಿ ಹೇಳುತ್ತೇನೆ ಎಂದೆ.

ಹಡಗಿನ ಬಳಿ ಸಂಘದ ಇಪ್ಪತ್ತೆರಡು ಜನ ಸೇರಿದ್ದರು. ಬ್ಯಾನರು ಬಿಚ್ಚಿದರು. ಹನ್ನೆರಡು ಅಡಿ ಉದ್ದ. ಅದರ ಅರ್ಧ ನನ್ನ ಮುಖ. ಉಳಿದ ಅರ್ಧದಲ್ಲಿ ಸಂಘದ ಹೆಸರು, ಪದಾಧಿಕಾರಿಗಳ ಹದಿನೇಳು ಮುಖ. ಶಶಿಕಲಾ ಬ್ಯಾನರನ್ನು ಓದಿದಳು. ಆಮೇಲೆ ನನ್ನನ್ನು ಓದಿದಳು. ಮಾವನಿಗೆ ಕನ್ನಡಕ ಮನೆಯಲ್ಲಿ ಉಳಿದಿತ್ತು. "ಯಾರಿದು? ಎಲೆಕ್ಷನಾ?" ಎಂದು ಕೇಳಿದರು.

ಪೈಲಟ್‌ಹೌಸಿನಲ್ಲಿ ನಾಲ್ಕೇ ಜನರಿಗೆ ಜಾಗ. ಕ್ಯಾಪ್ಟನ್ ಗ್ರೇಸ್ ಎಂಬ ಫಿಲಿಪೀನ್ಸಿನ ಹೆಂಗಸು ಒಬ್ಬಳು. ಸನ್ಮಾನಿತ ನಾನು ಎರಡು. ಸನ್ಮಾನಿಸುವ ವಿಠಲಣ್ಣ ಮೂರು. ಫೋಟೋ ಇಲ್ಲದ ಸನ್ಮಾನ ಸನ್ಮಾನವೇ ಅಲ್ಲವಾದ್ದರಿಂದ ಫೋಟೋಗ್ರಾಫರ್ ನಾಲ್ಕು.

"ಮಾವಾ, ನೀವು ಈ ಸುತ್ತು ಕೆಳಗೆ ಡೆಕ್ಕಿನಲ್ಲಿ ಕೂತುಕೊಳ್ಳಿ. ಮುಂದಿನ ಸುತ್ತು ನಿಮ್ಮದೇ," ಎಂದೆ.

"ಆಯ್ತು," ಎಂದರು ಮಾವ. ಆಯ್ತು ಎನ್ನುವಾಗ ಅವರ ಮುಖ ನೋಡದೆ ನಾನು ಮೆಟ್ಟಿಲು ಹತ್ತಿದೆ. ನೋಡಿದ್ದರೆ ಹತ್ತಲು ಆಗುತ್ತಿರಲಿಲ್ಲ ಎಂದು ನನಗೇ ಗೊತ್ತಿತ್ತು. ಅದಕ್ಕೇ ನೋಡಲಿಲ್ಲ.

ಹಡಗು ಹೊರಟಿತು. ಹೊರಟ ಕೂಡಲೇ ವಿಠಲಣ್ಣ ನನಗೆ ಮೈಸೂರು ಪೇಟ ತೊಡಿಸಿದರು. ಅದು ಯಾರದೋ ದೊಡ್ಡ ತಲೆಗೆ ತಂದದ್ದು, ಕಣ್ಣಿನವರೆಗೆ ಇಳಿಯಿತು. ಶಾಲು ಬಿತ್ತು, ಹಾರ ಬಿತ್ತು, ಎಡಗೈಗೆ ಹಣ್ಣಿನ ಬುಟ್ಟಿ ಬಂತು. "ಬಲಗೈಯಲ್ಲಿ ಸ್ಟೇರಿಂಗು ಹಿಡಿ," ಎಂದರು ಫೋಟೋಗ್ರಾಫರ್. ಹಿಡಿದೆ. ಮುಂದೆ ನದಿ ಎಡಕ್ಕೆ ಬಾಗಿತ್ತು. ನಾನು ಗಂಭೀರವಾಗಿ ಹುಬ್ಬು ಗಂಟಿಕ್ಕಿ, ಪೂರ್ತಿ ಬಲಕ್ಕೆ ತಿರುಗಿಸಿಬಿಟ್ಟೆ. ಹಡಗು ನಯವಾಗಿ ಎಡಕ್ಕೆ ತಿರುಗಿತು!

ನಾನು ಕ್ಯಾಪ್ಟನ್ ಮುಖ ನೋಡಿದೆ. "ನೀರಿನ ಅಡಿಯಲ್ಲಿ ಹಳಿ ಇದೆ ಸರ್. ಹಡಗು ಹಳಿಯ ಮೇಲೆ ಹೋಗುತ್ತದೆ. ವೇಗ ಮಾತ್ರ ನನ್ನ ಕೈಯಲ್ಲಿ," ಎಂದಳು ಇಂಗ್ಲಿಷಿನಲ್ಲಿ.

"ಹಾಗಾದರೆ ಈ ಚಕ್ರ ಯಾಕೆ?"

"ಫೋಟೋಗೆ ಸರ್."

ಹಡಗು ನಡೆಸಿದ ಮೊದಲ ಕನ್ನಡಿಗ ಎಂಬ ಬಿರುದಿನ ತಳಪಾಯ ಅಲ್ಲಿಗೆ ಕುಸಿದರೂ ಫೋಟೋ ಚೆನ್ನಾಗಿ ಬರುತ್ತಿದೆ ಎಂಬ ಸಮಾಧಾನವಿತ್ತು. ಆಗ ವಿಠಲಣ್ಣನಿಗೆ ಒಂದು ಕೊರತೆ ಹೊಳೆಯಿತು. ಬ್ಯಾನರು ಎಲ್ಲಿ? ಬ್ಯಾನರಿಲ್ಲದೆ ಫೋಟೋ ಹೇಗೆ ತೆಗೆಯುವುದು? ಕ್ಯಾಪ್ಟನ್ ಬೇಡ ಬೇಡ ಎನ್ನುವಷ್ಟರಲ್ಲಿ ಕೆಳಗಿದ್ದ ಇಬ್ಬರು ಸಹ ಕಾರ್ಯದರ್ಶಿಗಳು ಅದನ್ನು ಪೈಲಟ್‌ಹೌಸಿನ ಹೊರಗಿನ ಕಂಬಿಗೆ ಕಟ್ಟಿಯೇಬಿಟ್ಟರು. ಶಮಾಲ್ ಗಾಳಿ ಅದಕ್ಕಾಗಿಯೇ ಕಾಯುತ್ತಿತ್ತೋ ಏನೋ. ಬ್ಯಾನರು ರಪ್ಪನೆ ಮೇಲೆದ್ದು ಗಾಜಿಗೆ ಅಂಟಿಕೊಂಡಿತು. ಒಳಗೆ ಕತ್ತಲಾಯಿತು. ಎದುರಿಗೆ ನದಿ ಇರಬೇಕಾದಲ್ಲಿ ಬ್ಯಾನರಿನ ಹಿಂಬದಿಯಿಂದ ನನ್ನ ಮುಖ, ಆರಡಿಯದ್ದು, ಮಂಕಾಗಿ ಕಾಣಿಸುತ್ತಿತ್ತು.

"ತೆಗೀರಿ! ಯಲ್ಲಾ, ತೆಗೀರಿ!" ಎಂದು ಕ್ಯಾಪ್ಟನ್ ಕೂಗಿದಳು.

ಸಹ ಕಾರ್ಯದರ್ಶಿಗಳಲ್ಲಿ ಒಬ್ಬರು ಎಡಗಡೆಯ ಗಂಟು ಬಿಚ್ಚಿದರು. ಇನ್ನೊಬ್ಬರು ಅದೇ ಹೊತ್ತಿಗೆ ಬಲಗಡೆಯದ್ದು ಬಿಚ್ಚಿದರು. ನಮ್ಮ ಸಂಘದಲ್ಲಿ ಇಬ್ಬರು ಪದಾಧಿಕಾರಿಗಳು ಒಂದೇ ಸಮಯಕ್ಕೆ ಕೆಲಸ ಮಾಡಿದ್ದು ಅದೇ ಮೊದಲು! ಬ್ಯಾನರು ಹಗ್ಗ ಸಮೇತ ಹಡಗಿನ ಮೇಲಿಂದ ಹಾರಿ, ಎರಡೂ ಹೊಗೆಕೊಳವೆಗಳನ್ನು ದಾಟಿ, ಹಿಂದಿನ ಕೆಂಪು ಗಾಲಿಯ ಮೇಲೆ ಬಿತ್ತು.

ಗಾಲಿ ಅದನ್ನು ಬಾಚಿ ಹಿಡಿಯಿತು. ನನ್ನ ಮುಖ ನೀರಿನೊಳಗೆ ಮುಳುಗಿತು. ಆ ಕಡೆಯಿಂದ ಮೇಲೆ ಬಂತು. ಮತ್ತೆ ಮುಳುಗಿತು. ಹಿಂದಿನ ಡೆಕ್ಕಿನಲ್ಲಿದ್ದ ಜನರೆಲ್ಲ ಎದ್ದು ನಿಂತು ಮೊಬೈಲು ತೆಗೆದರು. ನಿಧಿಯ ಸ್ವರ ಎಲ್ಲರಿಗಿಂತ ಜೋರಾಗಿ ಕೇಳಿಸಿತು:

"ಪಪ್ಪಾ ಮುಳುಗಿದ್ರು! ಪಪ್ಪಾ ಬಂದ್ರು! ಮತ್ತೆ ಮುಳುಗಿದ್ರು!"

ಏಳು ಸಲ ಮುಳುಗಿ ಎದ್ದ ಮೇಲೆ ಗಾಲಿ ಕಟಕಟ ಎಂದು ಹಲ್ಲು ಕಡಿದು ನಿಂತಿತು. ಹಡಗೂ ನಿಂತಿತು. ನಿಂತದ್ದು ಸರಿಯಾಗಿ ಒಂದು ಪ್ಲಾಸ್ಟಿಕ್ ಮೊಸಳೆಯ ಎದುರಿಗೆ. ಅದು ಅರ್ಧ ನಿಮಿಷಕ್ಕೊಮ್ಮೆ ಬಾಯಿ ತೆರೆದು ನಮ್ಮನ್ನು ನೋಡಿ ನಗುತ್ತಿತ್ತು.

ನಾನು ಕೆಳಗಿಳಿದೆ. ಪೇಟ, ಶಾಲು, ಹಾರ ಎಲ್ಲ ಮೈಮೇಲೇ ಇತ್ತು. ಈ ವೇಷ ನೋಡಿ ಈಜಿಪ್ಟಿನ ಒಬ್ಬ ದಪ್ಪ ಮನುಷ್ಯ ನಾನೇ ಹಡಗಿನ ಮಾಲೀಕನೆಂದು ತಿಳಿದು, ಮೂರು ಮಕ್ಕಳನ್ನೂ ಮುಂದೆ ನಿಲ್ಲಿಸಿ, ಯಾವಾಗ ಬಿಡುತ್ತೀಯ ಎಂದು ಜಗಳಕ್ಕೆ ಬಂದ. "ಮಾಫಿ ಮಾಲೂಮ್," ಎಂದೆ. ನನಗೇನೂ ಗೊತ್ತಿಲ್ಲ ಎಂದು ಅರ್ಥ. ಆ ದಿನ ನಾನು ಆಡಿದ ಏಕೈಕ ಸತ್ಯ ಅದು. ಮೇಲಿನಿಂದ ಕ್ಯಾಪ್ಟನ್ ರಿಪೇರಿಯವರು ಬರಲು ನಲವತ್ತು ನಿಮಿಷ ಎಂದು ಘೋಷಿಸಿದಳು.

ಆಗ ಮಾವ ಎದ್ದರು. ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಹಿಂದಕ್ಕೆ ಹೋಗಿ, ಕಂಬಿಯಿಂದ ಬಗ್ಗಿ ಗಾಲಿಯನ್ನು ನೋಡಿದರು. ಬೋಟಿನಡಿ ನೀರು ತಳ್ಳುವ ಫ್ಯಾನಿಗೆ ಬಲೆ ಸುತ್ತಿಕೊಳ್ಳುವುದು ಅವರಿಗೆ, ನಮಗೆ ಕಂಪ್ಯೂಟರ್ ಹ್ಯಾಂಗ್ ಆದ ಹಾಗೆ, ತಿಂಗಳಿಗೆರಡು ಸಲದ್ದು. ಪೈಲಟ್‌ಹೌಸಿನತ್ತ ಕತ್ತೆತ್ತಿ, ಸಮುದ್ರದಲ್ಲಿ ಬೇರೆ ಬೋಟಿಗೆ ಕೇಳುವಂಥ ಸ್ವರದಲ್ಲಿ, ಮಲ್ಪೆ ಬಂದರಿನ ಹಿಂದಿಯಲ್ಲಿ ಕೂಗಿದರು: "ಮೇಡಂ! ರಿವರ್ಸ್! ಥೋಡಾ ಥೋಡಾ!" ಕೈಯಲ್ಲಿ ಎಷ್ಟು ಎಂದು ತೋರಿಸಿದರು. ಕ್ಯಾಪ್ಟನ್ ಒಂದು ಕ್ಷಣ ಅವರ ಕೈಯನ್ನೇ ನೋಡಿ, ಹಾಗೆಯೇ ಮಾಡಿದಳು. ಗಾಲಿ ಒಂದು ಗೇಣು ಹಿಂದೆ ತಿರುಗಿತು. "ಸ್ಟಾಪ್!" ಮಾವನ ಕೈ ಮೇಲೆದ್ದಿತು. ಡೆಕ್ಕಿನ ಕೆಲಸದವನಿಗೆ ಕೊಕ್ಕೆಕೋಲಿನಿಂದ ಹಗ್ಗದ ತುದಿ ಹಿಡಿಯಲು ತೋರಿಸಿಕೊಟ್ಟರು. ಮತ್ತೆ ಒಂದು ಗೇಣು. ಹತ್ತು ನಿಮಿಷದಲ್ಲಿ ಬ್ಯಾನರು ಸುರುಳಿ ಬಿಚ್ಚಿಕೊಂಡು ಹೊರಗೆ ಬಂತು. ನನ್ನ ಮುಖದಲ್ಲಿ ಒಂದು ಕಿವಿ ಮಾತ್ರ ಉಳಿದಿತ್ತು.

ಇಡೀ ಹಡಗು ಚಪ್ಪಾಳೆ ತಟ್ಟಿತು. ಈಜಿಪ್ಟಿನವನು ಮಾವನ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ನಮ್ಮ ವಿಠಲಣ್ಣನ ಸಮಯಸ್ಫೂರ್ತಿಯನ್ನು ಮೆಚ್ಚಲೇಬೇಕು. ಓಡಿ ಬಂದು ನನ್ನ ಹೆಗಲಿನಿಂದ ಶಾಲು ಎಳೆದು ಮಾವನಿಗೆ ಹೊದೆಸಿದರು. ನನ್ನ ಕುತ್ತಿಗೆಯ ಹಾರ, ತಲೆಯ ಪೇಟ, ಕೈಯ ಬುಟ್ಟಿ ಎಲ್ಲವೂ ಅರ್ಧ ನಿಮಿಷದೊಳಗೆ ಮಾವನಿಗೆ ವರ್ಗವಾದವು. ಸನ್ಮಾನ ಸ್ವೀಕರಿಸಿ ಅರ್ಧ ಗಂಟೆಯೊಳಗೆ ಅದನ್ನು ಕಳೆದುಕೊಂಡ ಮೊದಲ ಕನ್ನಡಿಗ ನಾನೇ ಇರಬೇಕು!

ಮಾವ ಶಾಲನ್ನು ತೆಗೆದು ಮಡಚಿ ವಿಠಲಣ್ಣನ ಕೈಗೇ ಕೊಟ್ಟರು. "ಬೇಡ. ಇದರ ತುದಿಯಲ್ಲಿ ನೂಲು ಬಿಡ್ತಾ ಉಂಟು. ಮತ್ತೆ ಎಲ್ಲಿಗಾದ್ರೂ ಸುತ್ತಿಕೊಳ್ತದೆ."

ಹಡಗು ದಡ ಸೇರಿತು. ಗಾಲಿಯ ತಪಾಸಣೆ ಆಗಬೇಕೆಂದು ಆ ದಿನದ ಉಳಿದ ಸುತ್ತುಗಳನ್ನೆಲ್ಲ ರದ್ದು ಮಾಡಿದರು. ಮುಂದಿನ ಸುತ್ತು ಮಾವನದ್ದು ಎಂದಿದ್ದೆನಲ್ಲ. ಮುಂದಿನ ಸುತ್ತೇ ಇರಲಿಲ್ಲ.

ಕಾರು ಹತ್ತಿ ಮನೆಗೆ ಹೊರಟೆವು. ಮಾವ ಕಿಟಕಿಯ ಹೊರಗೆ ನೋಡುತ್ತಿದ್ದರು. ಮನೆಯಲ್ಲಿ ಶಶಿಕಲಾ ಅಡುಗೆಮನೆಯ ಬಾಗಿಲು ಹಾಕಿಕೊಂಡು ಹೇಳಿದಳು: "ಬೈಯುವುದಿಲ್ಲ ನಾನು. ಬೈದ್ರೆ ನಿಮಗೆ ಸುಲಭ ಆಗ್ತದೆ. ಒಂದೇ ಕೇಳ್ತೇನೆ. ಅಪ್ಪ ಬೆಳಿಗ್ಗೆ ಆರು ಗಂಟೆಗೆ ಎದ್ದು ಆ ಅಂಗಿಗೆ ಇಸ್ತ್ರಿ ಹಾಕಿದ್ದು ನಿಮಗೆ ಕಾಣ್ಲಿಲ್ವಾ?"

ಕಂಡಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಮೂವತ್ತೈದು ವರ್ಷ ಚುಕ್ಕಾಣಿ ಹಿಡಿದ ಮನುಷ್ಯನನ್ನು ಕೆಳಗೆ ಕೂರಿಸಿ, ಎರಡೂ ಕೈಯಲ್ಲಿ ಬಾಳೆಹಣ್ಣು ಸುಲಿಯಲು ಬಾರದ ನಾನು ಮೇಲೆ ಹೋಗಿ ನಿಂತಿದ್ದೆ.

ಶನಿವಾರ ಒಂದೇ ದಿನ ಉಳಿದಿತ್ತು. ತಪ್ಪನ್ನು ಸರಿಪಡಿಸಲೇಬೇಕೆಂದು ಬೆಳಿಗ್ಗೆ ಎದ್ದವನೇ ಕೋಣೆಯ ಬಾಗಿಲು ಹಾಕಿ ಫೋನು ಹಿಡಿದೆ. ಬುದ್ಧಿ ಬಂತು ಎಂದುಕೊಂಡಿರಾ? ಮತ್ತೆ ವಶೀಲಿ! ವಿಠಲಣ್ಣ ಫೋನು ಎತ್ತಲಿಲ್ಲ. ರಜಾಕಾಕ "ನಾನು ಹೇಳಿದ್ದೆ" ಎಂದಷ್ಟೇ ಹೇಳಿ ಇಟ್ಟರು. ಅಲ್ ಅಜೀಜಿಯಾದ ಒಬ್ಬ ಮಲಯಾಳಿ, ಅವನ ಭಾವ, ಭಾವನ ರೂಮ್‌ಮೇಟ್ ಎಂದು ಮೂರು ಜನರನ್ನು ದಾಟಿ ಪಾರ್ಕಿನಲ್ಲಿ ಐಸ್‌ಕ್ರೀಮ್ ಮಾರುವವನವರೆಗೆ ತಲುಪಿದೆ. ಹೊರಗೆ ಬಂದಾಗ ಗಂಟೆ ಎರಡಾಗಿತ್ತು. ಕಿಟಕಿಯ ಬಳಿ ಕುರ್ಚಿ ಖಾಲಿ.

"ಮಾವ ಎಲ್ಲಿ?"

"ಪಾರ್ಕಿಗೆ ಹೋದ್ರು. ನಿಧಿಯನ್ನು ಕರ್ಕೊಂಡು," ಎಂದಳು ಶಶಿಕಲಾ, ತೆಂಗಿನಕಾಯಿ ತುರಿಯುತ್ತಾ. "ಮೆಟ್ರೋದಲ್ಲಿ ಹೋಗಿ ಟ್ಯಾಕ್ಸಿ ಹಿಡಿತಾರಂತೆ."

"ಯಾರಿಗೂ ಹೇಳದೆ? ಯಾರದ್ದೂ ಪರಿಚಯ ಇಲ್ಲದೆ? ನಿನ್ನೆ ಇಷ್ಟೆಲ್ಲ ಆದ ಮೇಲೆ ಬಾಗಿಲಲ್ಲೇ ತಡೆದು ಅವಮಾನ ಮಾಡಿದರೆ?"

ಅವಳು ತುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ನಾನು ಕಾರಿನ ಕೀಲಿ ತೆಗೆದುಕೊಂಡು ಓಡಿದೆ.

ಹಡಗಿನ ಕಟ್ಟೆಯ ಬಳಿ ಹೊಸದೊಂದು ನೋಟಿಸು ಅಂಟಿಸಿದ್ದರು. ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಇತ್ತು: ಹಡಗಿನ ಮೇಲೆ ಬ್ಯಾನರು, ಹೂವಿನ ಹಾರ, ಸಡಿಲ ಬಟ್ಟೆ, ವಿಧ್ಯುಕ್ತ ಶಿರಸ್ತ್ರಾಣ ನಿಷೇಧ. ಕನ್ನಡಿಗರ ಕೊಡುಗೆ ಎಂದು ಬರೆದಿರಲಿಲ್ಲ, ಪುಣ್ಯ. ಅದನ್ನು ಓದುತ್ತಿದ್ದಾಗಲೇ ನದಿಯ ತಿರುವಿನಿಂದ ಉದ್ದನೆಯ ಸಿಳ್ಳೆ ಕೇಳಿತು. ಬಿಳಿ ಹಡಗು ಬರುತ್ತಿತ್ತು. ನೆತ್ತಿಯ ಗಾಜಿನ ಗೂಡಿನಲ್ಲಿ ಅದೇ ಬಿಳಿ ಅಂಗಿ. ಮಾವ ಎರಡೂ ಕೈಯಲ್ಲಿ ಚಕ್ರ ಹಿಡಿದು ನಿಂತಿದ್ದರು. ಪಕ್ಕದಲ್ಲಿ ನಿಧಿ ಸಿಳ್ಳೆಯ ಹಗ್ಗ ಎಳೆಯುತ್ತಿದ್ದಳು. ಕ್ಯಾಪ್ಟನ್ ಗ್ರೇಸ್ ಕೈಕಟ್ಟಿ ಹಿಂದೆ ನಿಂತಿದ್ದಳು. ಹಡಗು ಕಟ್ಟೆಗೆ ತಾಗಿದ್ದು ಯಾರಿಗೂ ಗೊತ್ತಾಗದಷ್ಟು ಮೆತ್ತಗೆ ನಿಂತಿತು. ನಾನು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡೆ. ಗಾಳಿಯಲ್ಲಿ ಮರಳಿತ್ತು ಎಂದು ಆಮೇಲೆ ಹೆಂಡತಿಗೆ ಹೇಳಿದೆ.

ಮಾವ ಮೇಲಿಂದಲೇ ನನ್ನನ್ನು ಕಂಡು ಮೆಟ್ಟಿಲಿನವರೆಗೆ ಬಂದರು.

"ಯಾರ ಮೂಲಕ ಹೋದಿರಿ ಮಾವಾ?" ಅಭ್ಯಾಸಬಲ, ಮೊದಲು ಅದೇ ಬಾಯಿಗೆ ಬಂತು.

"ಯಾರ ಮೂಲಕ? ಮೆಟ್ಟಿಲು ಹತ್ತಿದೆ, ಕೇಳಿದೆ, ಬನ್ನಿ ಅಂದಳು. ಇದು ಮೂರನೇ ಸುತ್ತು."

"ಮಾವಾ, ಆ ಚಕ್ರ ಸುಮ್ಮನೆ ಫೋಟೋಗೆ. ಕೆಳಗೆ ಹಳಿ ಇದೆ."

"ಗೊತ್ತುಂಟು. ಅಳಿವೆ ಇಲ್ಲ, ಬಂಡೆ ಇಲ್ಲ, ಎಲ್ಲಿಗೆ ಹೋಗ್ಬೇಕು ಅಂತ ಅದಕ್ಕೇ ಗೊತ್ತುಂಟು." ಮಾವ ನಕ್ಕರು. ನನ್ನೆದುರು ಅವರು ನಕ್ಕದ್ದನ್ನು ನಾನು ನೋಡಿದ್ದು ಮೊದಲ ಸಲ. "ನಿಲ್ಲಿಸುವ ಲಿವರ್ ಮಾತ್ರ ಸತ್ಯದ್ದು. ಅದನ್ನು ಕೊಟ್ಟಳು. ಕೈ ಮರೆತಿಲ್ಲ." ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವೂ ಬನ್ನಿ. ನಾನು ಹೇಳ್ತೇನೆ ಅವಳಿಗೆ," ಎಂದರು.

ಹೀಗೆ ಕೊನೆಗೂ ನಾನು ವಶೀಲಿಯಿಂದಲೇ ಪೈಲಟ್‌ಹೌಸ್ ಹತ್ತಿದೆ. ಕ್ಯಾಪ್ಟನ್ ನನ್ನನ್ನು ನೋಡಿದ ಕೂಡಲೇ ಮುಖ ಬಿಗಿದುಕೊಂಡಳು. ಮಾವ ಏನೋ ಕೈಸನ್ನೆ ಮಾಡಿದರು. ಹಿಂದಿನ ಸಣ್ಣ ಬೆಂಚು ತೋರಿಸಿ, ಎರಡೂ ಕೈ ತೊಡೆಯ ಮೇಲಿರಬೇಕು, ಏನನ್ನೂ ಮುಟ್ಟಬಾರದು ಎಂಬ ಷರತ್ತಿನ ಮೇಲೆ ಒಪ್ಪಿದಳು. ನಾನು ಕೈ ತೊಡೆಯ ಮೇಲಿಟ್ಟು ಕುಳಿತೆ. ಹಡಗು ಹೊರಟಿತು. ಮೊಸಳೆ ಬಾಯಿ ತೆರೆಯಿತು. ಸುತ್ತು ಮುಗಿಯುವವರೆಗೆ ಮಾವ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಅವರ ಬೆನ್ನು ನೇರವಾಗಿತ್ತು, ಮೊಣಕಾಲಿನ ನೋವು ಎಲ್ಲಿಗೆ ಹೋಗಿತ್ತೋ.

ಇಳಿಯುವಾಗ ಕ್ಯಾಪ್ಟನ್ ಒಂದು ದಪ್ಪ ಪುಸ್ತಕ ಮುಂದಿಟ್ಟಳು. ಪೈಲಟ್‌ಹೌಸಿಗೆ ಬಂದವರು ತಮ್ಮ ಹೆಸರು, ಊರು, ಉದ್ಯೋಗ ಬರೆಯಬೇಕಂತೆ. ಮಾವ ಆಗಲೇ ಕನ್ನಡದಲ್ಲಿ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು: ತಾಂಡೇಲ, ಮಲ್ಪೆ. ನಾನು ಪೆನ್ನು ಹಿಡಿದು ತುಂಬಾ ಹೊತ್ತು ಯೋಚಿಸಿದೆ. ಕೊನೆಗೆ ಅವರ ಸಾಲಿನ ಕೆಳಗೆ, ಉದ್ಯೋಗದ ಜಾಗದಲ್ಲಿ, ಪೂರ್ಣ ವಿನಯದಿಂದ ಬರೆದೆ: ತಾಂಡೇಲರ ಅಳಿಯ.

ಕ್ಯಾಪ್ಟನ್ ಗ್ರೇಸ್ ಆ ಅಕ್ಷರಗಳನ್ನು ನೋಡಿ, ಹಾಗೆಂದರೇನು ಎಂದು ಮಾವನನ್ನು ಕೇಳಿದಳು.

ಮಾವ ಬಗ್ಗಿ ಆ ಸಾಲು ಓದಿದರು. ಆಮೇಲೆ ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದರು:

"ಪ್ಯಾಸೆಂಜರ್."